ಮಿಮೂನಾಳ ಹೆಸರಿಗೆ ಒಂದು ಕೂಗು

ಐನ್ ತುರ್ಕ್
2 ಮಾರ್ಚ್ 1987

ಮಗಳು ಖೇರಾಳಿಗೆ,

ಅಪ್ಪನ ಕೈಬರಹ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಹಬ್ಬಕ್ಕೆ ನೀನೊಂದು ಕಾರ್ಡು, ನಾನೊಂದು ಕಾರ್ಡು, ಅಷ್ಟರಲ್ಲೇ ನಮ್ಮಿಬ್ಬರ ಸಂಸಾರ ಇಷ್ಟು ವರ್ಷ ನಡೆದುಕೊಂಡು ಬಂದಿದೆ. ಇವತ್ತು ಹಬ್ಬವಿಲ್ಲದಿದ್ದರೂ ಬರೆಯುತ್ತಿದ್ದೇನೆ. ನಿನ್ನ ಅತ್ತೆ ಮಾವ ಚೆನ್ನಾಗಿದ್ದಾರಾ? ನೀನು ಅವರಿಗೆ ನಂಬಿಸಿರುವ ಹಾಗೆಯೇ, ತರಕಾರಿ ಮಂಡಿಯ ಹರಾಜುಗಾರ ಬೀಗರನ್ನು ಕೇಳಿದ ಎಂದು ಹೇಳು. ಈ ಸಲ ಬದನೆಕಾಯಿ ಬಲು ದುಬಾರಿ ಎಂದೂ ಸೇರಿಸು. ನಿನ್ನ ಮದುವೆಯಲ್ಲಿ ಎಷ್ಟು ಚೆನ್ನಾಗಿ ಹರಾಜುಗಾರನಾಗಿದ್ದೆ ನೋಡು, ನಿನ್ನ ಮಾವ ನನ್ನನ್ನು ಮೂಲೆಗೆ ಕರೆದು ಈರುಳ್ಳಿ ಯಾವಾಗ ಕೊಂಡು ಇಟ್ಟುಕೊಳ್ಳಬೇಕು ಎಂದು ಕೇಳಿದರು! ತಮಾಷೆಗೆ ಹೇಳಿದೆ. ಮುಖ ಊದಿಸಿಕೊಳ್ಳಬೇಡ.

ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸದ ಮಾತು ತೆಗೆದಾಗಲೆಲ್ಲ ನೀನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕಾಗದಕ್ಕೆ ಬಾಗಿಲು ಇಲ್ಲವಲ್ಲ, ಈಗ ಕೇಳಲೇಬೇಕು. ನಾನು ಬರ್ರಾಹ್, ಅಂದರೆ ಕೂಗುವವನು. ‘ನೀಲಿ ದೋಣಿ’ ಎಂಬ ಕ್ಯಾಬರೆಯಲ್ಲಿ ಹಾಡುಗಾರ್ತಿಯ ಪಕ್ಕ ನಿಂತಿರುತ್ತೇನೆ. ಗಿರಾಕಿಗಳು ಬಂದು ಕೈಗೆ ನೋಟು ಇಟ್ಟು ಕಿವಿಯಲ್ಲಿ ಮಾತು ಹೇಳುತ್ತಾರೆ. ‘ಈ ಹಾಡು ಇಂಥವನಿಂದ ಇಂಥವನಿಗೆ’, ‘ಇದು ಬಂದರಿನ ಹುಡುಗರಿಗೆ’, ಹೀಗೆ. ಅವರು ಹೇಳಿದ್ದನ್ನು ನಾನು ಇಡೀ ಹಾಲ್‌ಗೆ ಕೂಗುತ್ತೇನೆ. ಆ ಕೂಗಿಗೆ ತಬ್ರೀಹಾ ಎನ್ನುತ್ತಾರೆ. ಕೂಗಿನ ಕೊನೆಯ ಮಾತನ್ನು ಹಾಡುಗಾರ್ತಿ ಎತ್ತಿಕೊಂಡು ಹಾಡಾಗಿಸುತ್ತಾಳೆ. ಒಮ್ಮೆ ಒಬ್ಬ ಹೆಂಡತಿಗೆ ತಲಾಖ್ ಕೊಟ್ಟದ್ದನ್ನು ನನ್ನ ಬಾಯಲ್ಲಿ ಕೂಗಿಸಿದ. ಮರುದಿನ ಬಂದು ಅದನ್ನು ವಾಪಸು ಪಡೆದದ್ದನ್ನೂ ಕೂಗಿಸಿದ. ಇನ್ನೊಬ್ಬ ತನ್ನ ಕತ್ತೆಯ ಕ್ಷಮೆ ಕೇಳಿದ. ಹೇಳಿದ್ದನ್ನು ಹೇಳುವುದು ನನ್ನ ಕೆಲಸ. ನನ್ನದೊಂದು ಮಾತು ಅದರಲ್ಲಿ ಬೆರೆಸುವ ಹಾಗಿಲ್ಲ, ಅದು ಈ ಕಸುಬಿನ ನಿಯಮ.

ಚಳಿಗಾಲದಲ್ಲಿ ಒಬ್ಬ ಹುಡುಗಿ ಬಂದಳು. ಮಿಮೂನಾ. ರೆಲಿಝಾನ್ ಕಡೆಯವಳು. ಅವಳ ಚಿಕ್ಕಮ್ಮ ಕರೆತಂದು ಬಿಟ್ಟಳು, ಕೈಯಲ್ಲಿ ತನ್ನ ದೊಡ್ಡ ಮಗಳ ಗುರುತಿನ ಚೀಟಿ. ಚೀಟಿಯ ಪ್ರಕಾರ ವಯಸ್ಸು ಹತ್ತೊಂಬತ್ತು. ಹುಡುಗಿಯೇ ಮೊದಲ ದಿನ, ದೊಡ್ಡವರಿಗೆ ಹೇಳುವ ಹಾಗೆ ‘ಸಿ’ ಸೇರಿಸಿ, ನನ್ನ ಹತ್ತಿರ, "ಸಿ ಕದ್ದೂರ್, ಬರೋ ಚಳಿಗಾಲಕ್ಕೆ ನಂಗೆ ಹದಿನಾರು. ಹೊಟ್ಟೆ ಹಸೀತಿದೆ, ಇಲ್ಲಿ ಊಟ ಯಾವಾಗ ಕೊಡ್ತಾರೆ?" ಎಂದಳು. ಹಾಲ್‌ನಲ್ಲಿ ಎಲ್ಲರಿಗೂ ಗೊತ್ತು. ಯಜಮಾನ ಹಾಜ್ ಬೆನಾವ್ದಾನಿಗೂ ಗೊತ್ತು.

ಅವಳ ಕಂಠದ ಬಗ್ಗೆ ಏನು ಬರೆಯಲಿ? ಮೊದಲ ಸಲ ಅವಳು ಬಾಯಿ ತೆರೆದಾಗ ನಾನು ಕೂಗಬೇಕಾದ ಹೆಸರನ್ನೇ ಮರೆತುಬಿಟ್ಟೆ. ಮೂವತ್ತು ವರ್ಷದಲ್ಲಿ ಹಾಗಾಗಿರಲಿಲ್ಲ. ತುತ್ತೂರಿ ಊದುವ ಮುದುಕ ಹಬೀಬ್ ವಾದ್ಯವನ್ನು ಮಡಿಲಲ್ಲಿಟ್ಟು ಕೂತ. ಮಾಣಿಗಳು ನಿಂತಲ್ಲೇ ನಿಂತರು. ಅಷ್ಟು ಸಣ್ಣ ಮೈಯಿಂದ ಅದು ಹೇಗೆ ಬರುತ್ತದೋ ದೇವರಿಗೇ ಗೊತ್ತು.

ಈಗ ನನ್ನ ಸಂಕಟ ಕೇಳು. ರಮದಾನ್ ತಿಂಗಳು ಕ್ಯಾಬರೆ ಮುಚ್ಚಿರುತ್ತದೆ. ಹಬ್ಬ ಮುಗಿದು ಬೇಸಗೆಯ ಹಂಗಾಮು ಶುರುವಾದ ಮೇಲೆ ಅವಳನ್ನು ‘ಮೇಜಿಗೆ ಇಳಿಸುತ್ತೇನೆ’ ಎಂದು ಬೆನಾವ್ದಾ ಹೇಳಿದ್ದಾನೆ. ಅಂದರೆ ಹಾಡಿದ ಮೇಲೆ ಗಿರಾಕಿಗಳ ಪಕ್ಕ ಕೂತು ಬಾಟಲಿ ತೆರೆಸಬೇಕು. ಮೇಜಿಗೆ ಇಳಿದವರು ಆಮೇಲೆ ಎಲ್ಲೆಲ್ಲಿಗೆ ಇಳಿಯುತ್ತಾರೆ ಎಂದು ನಾನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಮರಳು ಗುತ್ತಿಗೆದಾರ ತಯ್ಯೆಬ್ ಈಗಲೇ ಮೊದಲ ಮೇಜು ತನ್ನದು ಎಂದು ಹೇಳಿಟ್ಟಿದ್ದಾನೆ.

ನೀನು ಕಾರ್ಮಿಕ ಇಲಾಖೆಯ ತನಿಖಾಧಿಕಾರಿ. ಇದಕ್ಕೆ ಏನಾದರೂ ಕಾಯ್ದೆ ಇದೆಯೇ? ಅಷ್ಟೇ ಕೇಳಬೇಕಿತ್ತು.

ನಿನ್ನ ಅಪ್ಪ,
ಕದ್ದೂರ್


ತ್ಲೆಮ್ಸೆನ್
19 ಮಾರ್ಚ್ 1987

ಅಪ್ಪಾ,

ಕಾಗದ ತಲುಪಿತು. ಮುಂದೆ ಬರೆಯುವುದಾದರೆ ಕಚೇರಿಯ ವಿಳಾಸಕ್ಕೆ ಬರೆಯಿರಿ. ಮನೆಯಲ್ಲಿ ಟಪಾಲು ಒಡೆಯುವುದು ನಮ್ಮ ಅತ್ತೆ. ಪುಣ್ಯಕ್ಕೆ ಈ ಸಲ ಅವರ ಕನ್ನಡಕ ಮುರಿದಿತ್ತು.

ಕಾಯ್ದೆ ಇದೆ. ಇದ್ದ ಹಾಗೇ ಬರೆಯುತ್ತಿದ್ದೇನೆ:

‘ಮದ್ಯ ಮಾರಾಟದ ಪರವಾನಗಿಯುಳ್ಳ, ರಾತ್ರಿ ವೇಳೆ ತೆರೆದಿರುವ ಯಾವುದೇ ಮನರಂಜನಾ ಸ್ಥಳದಲ್ಲಿ ಹದಿನೆಂಟು ವರ್ಷ ತುಂಬದ ಯಾರನ್ನೂ, ಯಾವ ಹೆಸರಿನ ಕೆಲಸಕ್ಕೂ ಇರಿಸಿಕೊಳ್ಳತಕ್ಕದ್ದಲ್ಲ. ಆ ಮಗುವಿನ ಒಪ್ಪಿಗೆಯಾಗಲಿ, ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆಯಾಗಲಿ ಇದಕ್ಕೆ ಸಮರ್ಥನೆಯಾಗತಕ್ಕದ್ದಲ್ಲ.’

ಮುರಿದರೆ ದಂಡ, ಪರವಾನಗಿ ರದ್ದು, ಜೈಲೂ ಆಗಬಹುದು.

ಆದರೆ ಕಾಯ್ದೆ ಇರುವುದು ಬೇರೆ, ನಡೆಯುವುದು ಬೇರೆ. ನಿಮ್ಮ ಊರು ಸೇರುವ ಒರಾನ್ ಕಚೇರಿಯವರನ್ನು ವಿಚಾರಿಸಿದೆ. ಅವರು ನೀಲಿ ದೋಣಿಗೆ ಹೋಗಿದ್ದಾರಂತೆ. ಹೋಗುವಷ್ಟರಲ್ಲಿ ಸುದ್ದಿ ಮುಟ್ಟಿರುತ್ತದೆ, ಹುಡುಗಿ ಅಡುಗೆಮನೆಯ ಬಾಗಿಲಿಂದ ಆಚೆ ಹೋಗಿರುತ್ತಾಳೆ. ಅಲ್ಲಿನ ಬಾಗಿಲು ಕಾಯುವವನಿಗೆ ನಮ್ಮವರ ಮುಖಗಳೆಲ್ಲ ಗೊತ್ತು. ಸಿಕ್ಕಿದರೂ ಚೀಟಿಯಲ್ಲಿ ಹತ್ತೊಂಬತ್ತು ಇದೆ. ಅವಳು ಅಲ್ಲಿ ಕೆಲಸ ಮಾಡುವುದನ್ನು ನಮ್ಮವರು ಕಣ್ಣಾರೆ ಕಾಣಬೇಕು. ಅವಳ ವಯಸ್ಸು ಇಷ್ಟು ಎಂದು ಅವಳನ್ನು ಬಲ್ಲ ಯಾರಾದರೂ ಹೆಸರು ಕೊಟ್ಟು ಹೇಳಬೇಕು. ಆಗ ವೈದ್ಯರ ಪರೀಕ್ಷೆಗೆ ಕಳಿಸಬಹುದು, ತಾಯಿಯನ್ನು ಕರೆಸಬಹುದು. ಅಲ್ಲಿ ಎಲ್ಲರಿಗೂ ಗೊತ್ತು ಎನ್ನುತ್ತೀರಿ, ಆದರೆ ಒಬ್ಬರೂ ಬಾಯಿ ಬಿಡುವುದಿಲ್ಲ.

ಯಾರು ಹೇಳಬೇಕು ಎಂದು ನಾನು ಸೂಚಿಸುವುದಿಲ್ಲ. ಹೇಳಿದವರು ಆ ಕರಾವಳಿಯಲ್ಲಿ ಮತ್ತೆ ಕೆಲಸ ಹುಡುಕಲಾರರು ಎಂಬುದು ನನಗೆ ಗೊತ್ತಿದೆ.

ಬದನೆಕಾಯಿಯ ಮಾತು ಸಾಕು.

ಖೇರಾ


ಐನ್ ತುರ್ಕ್
4 ಏಪ್ರಿಲ್ 1987

ಮಗಳೇ,

ನಿನ್ನ ಕಾಗದವನ್ನು ಮನಸ್ಸಿನಲ್ಲೇ ಓದಿಕೊಳ್ಳಲು ನನಗೆ ಬರುವುದಿಲ್ಲ. ಅಕ್ಷರ ಕಂಡರೆ ಬಾಯಿ ತಾನಾಗಿ ದೊಡ್ಡದಾಗುತ್ತದೆ. ಬಾಲ್ಕನಿಯಲ್ಲಿ ನಿಂತು ಕಾಯ್ದೆ ಓದಿದೆ. ಎದುರು ಮನೆಯ ಕಿಟಕಿ ತೆರೆಯಿತು, ಕೆಳಗಿನ ಬಡಗಿ ಉಳಿ ನಿಲ್ಲಿಸಿದ. ಪಕ್ಕದ ಮನೆಯ ಲಲ್ಲಾ ಫಾತ್ನಾ ಬಟ್ಟೆ ಒಣಹಾಕುವುದನ್ನು ಬಿಟ್ಟು ನಿಂತುಕೊಂಡರು. ಅವರಿಗೆ ಎಂಬತ್ತು ಹತ್ತಿರ, ಯಾರ ಮಾತಿಗೂ ತಲೆದೂಗಿದವರಲ್ಲ. ಮಿಮೂನಾಳ ವಿಷಯ ನನ್ನಿಂದ ಮೊದಲೇ ಕೇಳಿದ್ದರು.

"ಇನ್ನೊಂದ್ ಸಲ ಓದಪ್ಪಾ" ಎಂದರು.

ಓದಿದೆ.

"ಯಾವ ಹೆಸರಿನ ಕೆಲಸಕ್ಕೂ ಅಂತ ಇದ್ಯಾ? ಸರಿಯಾಗ್ ನೋಡ್ದ್ಯಾ?"

"ಇದೆ ಲಲ್ಲಾ."

"ಅಪ್ಪ ಅಮ್ಮ ಹೂಂ ಅಂದ್ರೂ ಇಲ್ಲ ಅಂತ?"

"ಅವರು ಹೂಂ ಅಂದ್ರೂ ಇಲ್ಲ. ಹುಡುಗೀನೇ ಹೂಂ ಅಂದ್ರೂ ಇಲ್ಲ."

ಅವರು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬುಟ್ಟಿಗೆ ವಾಪಸು ಹಾಕಿದರು. ಆಮೇಲೆ, "ಇದನ್ನ ಬರ್ದೋರು ಯಾರೋ ಕದ್ದೂರ್? ನಮ್ ಹುಡುಗಿ ವಿಷಯ ಅವ್ರಿಗೆ ಹೆಂಗ್ ಗೊತ್ತಾಯ್ತೋ!" ಎಂದರು.

ನಾನು ನಗಲಿಲ್ಲ ಖೇರಾ. ಅದೇ ಪ್ರಶ್ನೆ ನನ್ನನ್ನೂ ಹಿಡಿದಿದೆ. ಬೆನಾವ್ದಾ ಅವಳನ್ನು ‘ಅತಿಥಿ’ ಎನ್ನುತ್ತಾನೆ, ಒಮ್ಮೊಮ್ಮೆ ‘ನನ್ನ ತಂಗಿಯ ಮಗಳು’ ಎನ್ನುತ್ತಾನೆ. ಯಾವ ಹೆಸರಿಟ್ಟರೂ ನಡೆಯದು ಎಂದು ಮೊದಲೇ ಬರೆದಿದ್ದಾರೆ. ‘ಹುಡುಗಿ ತಾನೇ ಖುಷಿಯಿಂದ ಬಂದಳು’ ಎನ್ನುತ್ತಾನೆ, ಅದಕ್ಕೂ ಬರೆದಿದ್ದಾರೆ. ಎಲ್ಲೋ ರಾಜಧಾನಿಯ ಕಚೇರಿಯಲ್ಲಿ, ಮಿಮೂನಾಳ ಮುಖವನ್ನೇ ಕಾಣದ ಯಾರೋ ಕೂತು, ಇವನು ಆಡಬಹುದಾದ ಸುಳ್ಳನ್ನೆಲ್ಲ ಒಂದೊಂದಾಗಿ ಯೋಚಿಸಿ ಬಾಗಿಲು ಹಾಕಿದ್ದಾರೆ. ಇಂಥದ್ದು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ರೊಟ್ಟಿಯ ಅಂಗಡಿಗೆ ಹೋಗುವಾಗಲೂ ಅದೇ ಸಾಲು ಬಾಯಲ್ಲಿ. ನನ್ನ ಜೀವಮಾನದಲ್ಲಿ ಯಾರ್ಯಾರ ಮಾತನ್ನೋ ಕೂಗಿದ್ದೇನೆ. ಕೂಗಲು ಇಷ್ಟು ಯೋಗ್ಯವಾದ ಮಾತು ಒಬ್ಬನೂ ನನ್ನ ಕಿವಿಯಲ್ಲಿ ಹೇಳಲಿಲ್ಲ.

ಬೆನಾವ್ದಾ ಅವಳಿಗೆ ಹೊಸ ಅಂಗಿ ಹೊಲಿಯಲು ಕೊಟ್ಟಿದ್ದಾನೆ. ಹಸಿರು, ಮಿಂಚಿನದು. ಅವಳು ಅದನ್ನು ಹಿಡಿದು, "ನೋಡಿ ಸಿ ಕದ್ದೂರ್, ಜೇಬೇ ಇಲ್ಲ! ಕಡಲೆ ಎಲ್ಲಿ ಹಾಕ್ಕೊಳ್ಳೋದು?" ಎಂದು ಸಿಟ್ಟು ಮಾಡಿಕೊಂಡಳು.

ಅಪ್ಪ


ತ್ಲೆಮ್ಸೆನ್
10 ಮೇ 1987

ಅಪ್ಪಾ,

ರಮದಾನ್ ಶುಭಾಶಯ. ಉಪವಾಸದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಮರೆಯಬೇಡಿ.

ಒಂದೇ ಪ್ರಶ್ನೆ. ಹಣ ಕೊಟ್ಟು ಹೇಳಿಸಿದ ಕೂಗನ್ನು ಯಜಮಾನ ಅರ್ಧಕ್ಕೆ ನಿಲ್ಲಿಸಬಹುದೇ?

ಖೇರಾ


ಐನ್ ತುರ್ಕ್
15 ಮೇ 1987

ಮಗಳೇ,

ನಿಲ್ಲಿಸಿ ನೋಡಲಿ! ಹಿಂದೊಮ್ಮೆ ಬೇರೆ ಕ್ಯಾಬರೆಯಲ್ಲಿ ಯಜಮಾನನೊಬ್ಬ ಒಬ್ಬ ಮೀನುಗಾರನ ತಬ್ರೀಹಾವನ್ನು ಅರ್ಧಕ್ಕೆ ತಡೆದ. ಕುರ್ಚಿಗಳೆಲ್ಲ ಸಮುದ್ರ ಸೇರಿದವು, ಅವುಗಳ ಹಿಂದೆ ಯಜಮಾನನೂ ಹೋಗುವುದರಲ್ಲಿದ್ದ. ಕೈಗೆ ಹಣ ಬಂದಮೇಲೆ ಆ ಮಾತು ಗಿರಾಕಿಯ ಮರ್ಯಾದೆ. ಅದನ್ನು ತಡೆಯುವುದು ಅವನ ಮುಖಕ್ಕೆ ಹೊಡೆದ ಹಾಗೆ. ಬೇಡದವರು ಮಾಡಬಹುದಾದದ್ದು ಒಂದೇ, ಅವರೂ ಬಂದು ಹಣ ಕೊಟ್ಟು ಎದುರು ಕೂಗು ಕೂಗಿಸಬೇಕು. ಆಗ ಎರಡು ಮೇಜುಗಳ ನಡುವೆ ಜಿದ್ದು ಹತ್ತುತ್ತದೆ. ಅದಕ್ಕೇ ಜನ ಬರುವುದು.

ಯಾಕೆ ಕೇಳಿದೆ ಎಂದು ನಾನು ಕೇಳುವುದಿಲ್ಲ. ಹಬ್ಬದ ನಂತರ ಜೂನ್ 11, ಗುರುವಾರ, ಹಂಗಾಮಿನ ದೊಡ್ಡ ರಾತ್ರಿ. ಅವತ್ತು ಹಸಿರು ಅಂಗಿ. ಅವತ್ತು ಹಾಡು ಮುಗಿದ ಮೇಲೆ ಮೇಜು. ನಿಮ್ಮ ಕಡೆಯವರು ಯಾರಾದರೂ ಬರುವುದಿದ್ದರೆ ಅದಕ್ಕೆ ಮೊದಲೇ ಬರಲಿ. ಒರಾನಿನವರ ಮುಖ ಬೇಡ.

ಅಪ್ಪ


ತ್ಲೆಮ್ಸೆನ್
14 ಜೂನ್ 1987

ಅಪ್ಪಾ,

ಗುರುವಾರ ರಾತ್ರಿ ನಾವಿಬ್ಬರೂ ಒಂದೇ ಸೂರಿನಡಿ ಇದ್ದೆವು, ಆದರೆ ಅಪ್ಪ ಮಗಳ ಹಾಗೆ ಒಂದು ಮಾತೂ ಆಡಲಿಲ್ಲ. ಹುಡುಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ನೀವು ವೇದಿಕೆಯ ಮೇಲಿದ್ದಿರಿ, ಮೇಜಿನ ಕಡೆಯಿಂದ ನನಗೆ ಕಂಡದ್ದು ನಿಮಗೆ ಕಂಡಿರಲಾರದು.

ನನ್ನ ಸಹೋದ್ಯೋಗಿ ಲಾರ್ಬಿ ಗಂಡನ ವೇಷದಲ್ಲಿದ್ದರು. ಪಾಪ, ಮಸೀದಿ ಬಿಟ್ಟರೆ ಮನೆ ಎನ್ನುವ ಮನುಷ್ಯ, ಕಿತ್ತಳೆ ರಸದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದರು. ಪೊಲೀಸರ ಗಾಡಿ ದೀಪಸ್ತಂಭದ ತಿರುವಿನಲ್ಲಿ ಕಾಯುತ್ತಿತ್ತು. ಬಾಗಿಲು ಕಾಯುವವನು ನಮ್ಮನ್ನು ನೋಡಿ, "ತ್ಲೆಮ್ಸೆನ್‌ನೋರಾ? ಬನ್ನಿ ಬನ್ನಿ, ನಿಮ್ ಊರಲ್ಲಿ ನಗೋದಕ್ಕೂ ಅರ್ಜಿ ಹಾಕ್ಬೇಕಂತಲ್ಲ" ಎಂದ.

ಮಿಮೂನಾ ಬಂದಳು. ಆ ಅಂಗಿ ಭುಜದಿಂದ ಜಾರುತ್ತಿತ್ತು, ಎಳೆದು ಎಳೆದು ಸರಿ ಮಾಡಿಕೊಳ್ಳುತ್ತಿದ್ದಳು. ಹಾಡಿದಳು. ನೀವು ಬರೆದದ್ದು ಹೆಚ್ಚು ಹೇಳಿದ್ದಾಗಿರಬೇಕು ಎಂದುಕೊಂಡಿದ್ದೆ, ಕಡಿಮೆಯೇ ಆಗಿತ್ತು. ಲಾರ್ಬಿ ಬಾಗಿಲು ನೋಡುವುದನ್ನು ಮರೆತರು. ನಾನು ಬಂದ ಕೆಲಸವನ್ನು ಮರೆತೆ. ಆ ಹಾಡು ಮುಗಿದಾಗ ಮುಂದಿನ ಮೇಜಿನಿಂದ ತಯ್ಯೆಬ್ ತನ್ನ ಪಕ್ಕದ ಖಾಲಿ ಕುರ್ಚಿಯನ್ನು ಕೈಯಿಂದ ಒರೆಸಿದ. ಆಗ ಎದ್ದೆ.

ಬರುವುದು ನಾನೇ ಎಂದು ನಿಮಗೆ ತಿಳಿಸಿರಲಿಲ್ಲ. ವೇದಿಕೆಯ ಅಂಚಿಗೆ ಬಂದು ನಿಮ್ಮ ಕೈಗೆ ಹಣ ಇಟ್ಟೆ. ನೀವು ಬಗ್ಗಿದಿರಿ. ನನ್ನ ಮುಖ ನೋಡಿದಿರಿ, ನಿಮ್ಮ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಹೇಳಮ್ಮಾ" ಎಂದು ಅಪರಿಚಿತಳಿಗೆ ಹೇಳುವ ಹಾಗೆ ಹೇಳಿ ಕಿವಿ ಕೊಟ್ಟಿರಿ. ನಿಮ್ಮ ಕಿವಿಯ ಹತ್ತಿರ ನನ್ನ ಬಾಯಿ ಬಂದದ್ದು ಚಿಕ್ಕಂದಿನ ನಂತರ ಅದೇ ಮೊದಲು. ಕಾಯ್ದೆಯನ್ನು ಹೇಳತೊಡಗಿದೆ. ನೀವು ಮೆಲ್ಲಗೆ, "ಸಾಕು, ಉಳಿದದ್ದು ನಂಗ್ ಬರತ್ತೆ" ಎಂದಿರಿ.

ಆಮೇಲೆ ಮೈಕನ್ನು ಪಕ್ಕಕ್ಕಿಟ್ಟಿರಿ. ನಾನು ಹುಟ್ಟಿದಂದಿನಿಂದ ಆ ಧ್ವನಿಯ ಅನ್ನ ತಿಂದವಳು, ಅದನ್ನು ಅದರ ಜಾಗದಲ್ಲಿ ಒಮ್ಮೆಯೂ ಕೇಳಿರಲಿಲ್ಲ. "ತ್ಲೆಮ್ಸೆನ್ನಿಂದ ಬಂದ ಒಬ್ಬ ಹೆಣ್ಣುಮಗಳಿಂದ! ಇಲ್ಲಿ ಹಾಡ್ತಿರೋ ಮಿಮೂನಾಳ ಹೆಸರಿಗೆ! ಈ ದೇಶದ ಕಾಯ್ದೆ ಹೇಳ್ತದೆ!" ಎಂದು ನೀವು ಎತ್ತಿದಾಗ ಜನ ಮೊದಲು ನಕ್ಕರು, ಯಾವುದೋ ಹೊಸ ತಮಾಷೆ ಎಂದುಕೊಂಡರು. ‘ಹದಿನೆಂಟು ವರ್ಷ ತುಂಬದ ಯಾರನ್ನೂ’ ಎನ್ನುವಷ್ಟರಲ್ಲಿ ನಗು ನಿಂತಿತು. ‘ಯಾವ ಹೆಸರಿನ ಕೆಲಸಕ್ಕೂ’ ಎನ್ನುವಾಗ ಲೋಟಗಳ ಸದ್ದೂ ಇರಲಿಲ್ಲ. ನಾನು ದಿನಾ ಟೈಪು ಮಾಡಿಸುವ, ಅಂಕಿ ಹಾಕಿ ಕಡತಕ್ಕೆ ಸೇರಿಸುವ ಸಾಲುಗಳು ಅವು. ಅವುಗಳೊಳಗೆ ಇಂಥ ಶಕ್ತಿ ಇದೆ ಎಂದು ನನಗೂ ಗೊತ್ತಿರಲಿಲ್ಲ. ಮೈಯ ರೋಮವೆಲ್ಲ ಎದ್ದು ನಿಂತಿತು ಅಪ್ಪಾ.

ಬೆನಾವ್ದಾ ಪರದೆಯ ಪಕ್ಕ ನಿಂತು ಕತ್ತು ಕೊಯ್ಯುವ ಸನ್ನೆ ಮಾಡುತ್ತಿದ್ದ. ಆದರೂ ತಡೆಯಲಿಲ್ಲ, ಕುರ್ಚಿಗಳ ನೆನಪಿರಬೇಕು. ತಯ್ಯೆಬ್ ಎದ್ದು ಬಂದು ನಿಮ್ಮ ಕೈಗೆ ದುಪ್ಪಟ್ಟು ತುರುಕಿದ. ಅವನ ಮಾತನ್ನೂ ನೀವು ನಿಯತ್ತಾಗಿ ಕೂಗಿದಿರಿ, "ಸಿ ತಯ್ಯೆಬ್ ಅವರಿಂದ! ಕಾಯ್ದೆ ಕಚೇರಿಗೆ ಹೋಗ್ಲಿ, ಹಸಿರು ಅಂಗಿ ನನ್ ಮೇಜಿಗೆ ಬರ್ಲಿ!" ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗ ಹಿಂದಿನಿಂದ ಒಬ್ಬ ದಪ್ಪ ಮನುಷ್ಯ, ಬಂದರಿನ ಕೂಲಿಯವನಿರಬೇಕು, ಕುಡಿದು ತೂರಾಡುತ್ತಲೇ ಬಂದ.

"ಕದ್ದೂರಣ್ಣಾ, ಆ ಹೆಂಗ್ಸು ಹೇಳಿದ್ದನ್ನ ಇನ್ನೊಂದ್ ಸಲ ಕೂಗು. ನನ್ ಲೆಕ್ಕಕ್ಕೆ. ನಿಧಾನಕ್ಕೆ ಕೂಗು, ನಂಗೂ ಮನೇಲಿ ಇಷ್ಟೇ ಹುಡ್ಗಿ ಐತೆ" ಎಂದ. ಅಳುತ್ತಿದ್ದ.

ಮತ್ತೆ ಕೂಗಿದಿರಿ. ಮತ್ತೊಬ್ಬ ಬಂದ. ಆಮೇಲೆ ಮಾಣಿಯೊಬ್ಬ ತಟ್ಟೆ ಕೆಳಗಿಟ್ಟು ತನ್ನ ಜೇಬಿನಿಂದ ಕೊಟ್ಟ. ಬಾಗಿಲು ಕಾಯುವವನು ಕೊಟ್ಟ! ತಯ್ಯೆಬ್ ಕೊಡುತ್ತ ಹೋದ, ಅವರೂ ಕೊಡುತ್ತ ಹೋದರು. ಒಂದು ಕಡೆ ಆ ಮನುಷ್ಯನ ಆಸೆ, ಇನ್ನೊಂದು ಕಡೆ ಸರಕಾರದ ಕಾಯ್ದೆ, ಎರಡೂ ಒಂದೇ ಗಂಟಲಿನಿಂದ. ಕೊನೆಗೆ ಅವನ ಜೇಬು ಬರಿದಾಯಿತೋ ಮುಖ ಬರಿದಾಯಿತೋ, ಕೂತುಬಿಟ್ಟ.

ಕೂಗಿನ ಕೊನೆಯ ಮಾತನ್ನು ಹಾಡುಗಾರ್ತಿ ಎತ್ತಿಕೊಳ್ಳಬೇಕು ಎಂದು ನೀವು ಬರೆದಿದ್ದಿರಿ. ಎಲ್ಲರೂ ಅವಳತ್ತ ತಿರುಗಿದರು. ಪರದೆಯ ಹಿಂದೆ ಚಿಕ್ಕಮ್ಮ ಹಲ್ಲು ಕಚ್ಚಿ, "ಬೇರೆ ಹಾಡೇ, ಬೇರೆ ಹಾಡು!" ಎನ್ನುತ್ತಿದ್ದಳು. ಮಿಮೂನಾ ಒಂದು ಕ್ಷಣ ಅಂಗಿಯ ಭುಜ ಹಿಡಿದುಕೊಂಡು ನಿಂತಳು. ಆಮೇಲೆ, ವಾದ್ಯವಿಲ್ಲದೆ, ‘ಸಮರ್ಥನೆಯಾಗತಕ್ಕದ್ದಲ್ಲ’ ಎಂಬ ಆ ಒಣ ಮಾತನ್ನೇ ರಾಗವಾಗಿ ಎತ್ತಿದಳು. ಅದನ್ನು ತಿರುಗಿಸಿ ತಿರುಗಿಸಿ ಎಲ್ಲಿಗೋ ಕೊಂಡೊಯ್ದಳು. ಅದರ ಬೆನ್ನಿಗೇ ‘ನನಗಿನ್ನೂ ಹದಿನೈದು, ಅಮ್ಮಾ, ನನಗಿನ್ನೂ ಹದಿನೈದು’ ಎಂದು ಹಾಡಿದಳು. ಹಬೀಬ್ ತುತ್ತೂರಿ ಕೈಯಲ್ಲಿದ್ದೂ ಊದಲಿಲ್ಲ.

ಲಾರ್ಬಿ ಎದ್ದು ಗುರುತಿನ ಪತ್ರ ತೋರಿಸಿದರು, ಪೊಲೀಸರು ಒಳಗೆ ಬಂದರು, ಅರ್ಧ ಹಾಲ್ ಕಿಟಕಿಯಿಂದ ಹಾರಿತು. ಆಮೇಲೆ ನಡೆದದ್ದು ನಿಮಗೆ ಗೊತ್ತು. ಕಾಯ್ದೆ ಕೂಗಿಸಲು ಹಣ ಕೊಟ್ಟವರಲ್ಲಿ ಒಬ್ಬರೂ ಹೆಸರು ಕೊಡಲು ಸಿದ್ಧರಿರಲಿಲ್ಲ. ಅಳುತ್ತಿದ್ದ ಆ ದಪ್ಪ ಮನುಷ್ಯನೂ, "ಅಯ್ಯಯ್ಯೋ, ನಾನ್ ಇಲ್ಲಿಗೆ ಬಂದಿದ್ದು ಮನೇಲಿ ಗೊತ್ತಾದ್ರೆ ಸಾಯಿಸ್ತಾಳೆ" ಎಂದು ಕೈ ಮುಗಿದ. ಬೆನಾವ್ದಾನಿಗೆ ಧೈರ್ಯ ಮರಳಿತು. "ಹಾಡಲ್ಲಿ ಏನ್ ಬೇಕಾದ್ರೂ ಹಾಡ್ತಾರೆ ಸ್ವಾಮೀ. ನಿನ್ನೆ ಚಂದ್ರನ್ನ ನುಂಗ್ದೆ ಅಂತ ಹಾಡಿದ್ಲು, ಅದಕ್ಕೂ ಕೇಸ್ ಹಾಕ್ತೀರಾ? ಚೀಟಿ ನೋಡಿ, ಹತ್ತೊಂಬತ್ತು" ಎಂದ. ಹುಡುಗಿ ಚಿಕ್ಕಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದಳು. ಎಲ್ಲ ಕೈತಪ್ಪಿತು ಎಂದುಕೊಂಡೆ.

ಆಗ ನೀವು ವೇದಿಕೆ ಇಳಿದು ಬಂದಿರಿ.

"ಬರ್ಕೊಳಿ ಸಾಹೇಬ್ರೇ. ಇವಳಿಗೆ ಹದಿನೈದು. ಬಂದ ದಿನಾನೇ ನನ್ ಹತ್ರ ಹೇಳಿದಾಳೆ. ಇದು ಯಾರೂ ದುಡ್ಡು ಕೊಟ್ಟು ಹೇಳಿಸ್ತಿರೋದಲ್ಲ, ನಾನೇ ಹೇಳ್ತಿರೋದು."

ಅಷ್ಟು ಮೆಲ್ಲಗೆ ಹೇಳಿದಿರಿ, ಲಾರ್ಬಿಗೆ ಕೇಳಿಸದೆ ಇನ್ನೊಮ್ಮೆ ಹೇಳಿಸಿದರು. ಹೆಸರು ಕೇಳಿದರು, ಉದ್ಯೋಗ ಕೇಳಿದರು, ಬರ್ರಾಹ್ ಎಂದಿರಿ. ತನಿಖೆಗೆ ಬಂದ ಅಧಿಕಾರಿಗಳಲ್ಲಿ ಯಾರಾದರೂ ಸಂಬಂಧಿಕರೇ ಎಂದು ಕೇಳಿದರು. ಅದು ಎಲ್ಲರಿಗೂ ಕೇಳುವ ಪ್ರಶ್ನೆ. ನೀವು ನೆಲ ನೋಡುತ್ತ, "ಇಲ್ಲ" ಎಂದಿರಿ.

"ಇದ್ದಾರೆ. ಇವ್ರು ನಮ್ ಅಪ್ಪ" ಎಂದೆ.

ಲಾರ್ಬಿಯ ಪೆನ್ನು ನಿಂತಿತು. ಬೆನಾವ್ದಾನ ಬಾಯಿ ತೆರೆದೇ ಇತ್ತು. ವರದಿಗೆ ನಾನು ಸಹಿ ಹಾಕುವ ಹಾಗಿರಲಿಲ್ಲ, ಲಾರ್ಬಿ ಒಬ್ಬರೇ ಹಾಕಿದರು. ಶನಿವಾರದ ಹೊತ್ತಿಗೆ ಇಡೀ ಕಚೇರಿಗೆ ಗೊತ್ತಾಗಿತ್ತು. ಮನೆಯಲ್ಲಿ ನಾನೇ ಹೇಳಿದೆ. ನಮ್ಮ ಮಾವ ಸ್ವಲ್ಪ ಹೊತ್ತು ಚಹಾ ಕಲಕಿದರು. ಆಮೇಲೆ, "ಹಾಗಾದ್ರೆ ಆ ಈರುಳ್ಳಿ ವಿಷಯ?" ಎಂದರು.

ವೈದ್ಯರ ವರದಿ ಬಂತು, ಹದಿನಾರರ ಒಳಗೆ ಎಂದಿದೆ. ಹುಡುಗಿ ಸದ್ಯ ಮೊಸ್ತಗಾನೆಮ್‌ನ ಹೆಣ್ಣುಮಕ್ಕಳ ಆಶ್ರಯಧಾಮದಲ್ಲಿದ್ದಾಳೆ. ತಾಯಿಯನ್ನು ಹುಡುಕಿಸುತ್ತಿದ್ದೇವೆ. ನಿಮ್ಮ ಕೆಲಸ ಹೋಯಿತು ಎಂದು ಗೊತ್ತು.

ನಿಮ್ಮ ಮಗಳು,
ಖೇರಾ


ಮೊಸ್ತಗಾನೆಮ್
20 ಜುಲೈ 1987

ಖೇರಾ ಮೇಡಂ ಅವರಿಗೆ,

ಇಲ್ಲಿಯ ಮೇಷ್ಟರಮ್ಮ ಧನ್ಯವಾದದ ಕಾಗದ ಬರೆ ಎಂದು ಕೂರಿಸಿದ್ದಾರೆ. ನನಗೆ ಧನ್ಯವಾದ ಹೇಳಬೇಕು ಅನಿಸಿಲ್ಲ. ಚಿಕ್ಕಮ್ಮ ನನ್ನ ಮುಖ ನೋಡುವುದಿಲ್ಲ ಎಂದಿದ್ದಾಳಂತೆ. ಇಲ್ಲಿ ದೀಪ ಬೇಗ ಆರಿಸುತ್ತಾರೆ. ಮಸೂರ ಬೇಳೆ, ಮಸೂರ ಬೇಳೆ, ಮತ್ತೆ ಮಸೂರ ಬೇಳೆ. ಗುಣಾಕಾರ ಕಲಿಸುತ್ತಾರೆ, ನನ್ನ ಪಕ್ಕ ಕೂರುವವಳಿಗೆ ಹಲ್ಲೇ ಪೂರ್ತಿ ಬಂದಿಲ್ಲ, ಅವಳು ನನಗಿಂತ ಬೇಗ ಹೇಳುತ್ತಾಳೆ.

ಅಲ್ಲಿ ನಾನು ಹಾಡಿದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಇಲ್ಲಿ ಹಾಡಿದರೆ ನಿದ್ದೆ ಮಾಡು ಎನ್ನುತ್ತಾರೆ. ನಿಮ್ಮ ಕಾಯ್ದೆ ನನ್ನ ಹಾಡನ್ನೂ ಹಿಡಿದುಕೊಂಡು ಹೋಯಿತಾ? ಹದಿನೆಂಟು ಆದಮೇಲೆ ವಾಪಸು ಕೊಡುತ್ತಾ? ಬರೆದು ತಿಳಿಸಿ.

ಆ ಮೇಜಿಗೆ ಹೋಗಲು ನನಗೆ ತುಂಬ ಭಯವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳಿದ್ದೇನೆ, ಮೇಷ್ಟರಮ್ಮನಿಗೆ ಹೇಳಬೇಡಿ.

ಅಮ್ಮ ಬಂದು ಕರೆದುಕೊಂಡು ಹೋಗುತ್ತಾಳಂತೆ. ನಿಜವಾ?

ಮಿಮೂನಾ


ಐನ್ ತುರ್ಕ್
27 ಸೆಪ್ಟೆಂಬರ್ 1987

ಮಗಳೇ,

ನೀಲಿ ದೋಣಿಯ ಬಾಗಿಲಿಗೆ ಸರಕಾರದ ಮುದ್ರೆ ಬಿದ್ದಿದೆ. ಬೆನಾವ್ದಾನ ವಕೀಲ ಓಡಾಡುತ್ತಿದ್ದಾನೆ, ಓಡಾಡಲಿ. ಕರಾವಳಿಯ ಒಂದು ಕ್ಯಾಬರೆಯೂ ನನ್ನನ್ನು ಒಳಗೆ ಬಿಡುವುದಿಲ್ಲ. ‘ನಿನ್ನ ಬಾಯಲ್ಲಿ ಪೊಲೀಸರಿದ್ದಾರೆ’ ಎನ್ನುತ್ತಾರೆ. ಈಗ ಮದುವೆಗಳಲ್ಲಿ ಕೂಗುತ್ತೇನೆ, ಮುಯ್ಯಿ ಕೊಟ್ಟವರ ಹೆಸರು, ವರನ ಸೋದರಮಾವಂದಿರ ಹೆಸರು. ಸಂಪಾದನೆ ಕಡಿಮೆ, ಊಟ ಚೆನ್ನಾಗಿರುತ್ತದೆ. ನಿನ್ನ ಮಾವನೂ ಬರೆದಿದ್ದಾರೆ, ತಮ್ಮನ ಮಗನ ಮದುವೆಗೆ ಬಂದು ಕೂಗಬೇಕಂತೆ. ತ್ಲೆಮ್ಸೆನ್‌ನವರ ಕಿವಿ ನಾಜೂಕು, ಮೆಲ್ಲಗೆ ಕೂಗುತ್ತೇನೆ ಎಂದು ಹೇಳಿದ್ದೇನೆ.

ಹೋದ ವಾರ ರೆಲಿಝಾನ್ ಹತ್ತಿರದ ಒಂದು ಹಳ್ಳಿಯಲ್ಲಿ ಮದುವೆ. ಮಧ್ಯಾಹ್ನದ ಊಟವಾಗಿ ಗಂಡಸರೆಲ್ಲ ಆಲಿವ್ ಮರದ ಕೆಳಗೆ ಅಡ್ಡಾಗಿದ್ದರು. ಹೆಂಗಸರ ಕಡೆ ಮಣ್ಣಿನ ಗೋಡೆ, ಅದರಾಚೆ ಗದ್ದಲ, ತಪ್ಪಲೆ ಬಡಿಯುವ ಸದ್ದು. ಅಲ್ಲಿಂದ ಒಂದು ದನಿ ಎದ್ದಿತು ಖೇರಾ. ನಾನು ಎದ್ದು ಕೂತೆ. ಯಾರದು ಎಂದು ಕೇಳಬೇಕಿರಲಿಲ್ಲ. ಅವಳಮ್ಮನ ಊರು ಅದೇ ಬಯಲಿನಲ್ಲಿ ಎಂದು ಆಗ ನೆನಪಾಯಿತು. ಅಮ್ಮ ಬಂದು ಕರೆದುಕೊಂಡು ಹೋಗಿದ್ದಾಳೆ ಎಂದಾಯಿತು.

ಗೋಡೆಯ ಹತ್ತಿರ ಹೋಗಿ ನಿಂತೆ. ಹಾಡು ಏರುತ್ತ ಹೋಯಿತು. ಕೆಳಗೆ ಕೂತ ಮುದುಕರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಅಭ್ಯಾಸಬಲ, ನನ್ನ ಬಾಯಿ ತೆರೆದುಕೊಂಡಿತು. ಯಾರಿಂದ ಯಾರಿಗೆ ಎಂದು ಕೂಗುವ ಹೊತ್ತು ಅದು. ಆದರೆ ಯಾರೂ ಏನೂ ಕೊಟ್ಟಿರಲಿಲ್ಲ. ಆ ಹಾಡು ಯಾರ ಹೆಸರಿಗೂ ಇರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಅತಿ ಎತ್ತರದ ಜಾಗಕ್ಕೆ ಹೋಗಿ, ಕೇಳುವವರು ಜೀವ ಹಿಡಿದುಕೊಂಡು ಕಾಯುವ ಆ ಜಾಗದಲ್ಲಿ, ಹಾಡು ಥಟ್ಟನೆ ನಿಂತಿತು. ಏನಾಯಿತೋ ಎಂದು ನನ್ನ ಎದೆ ಒಡೆದುಹೋಯಿತು. ಆಮೇಲೆ ನಗು ಕೇಳಿಸಿತು, ಹೊಟ್ಟೆ ಹಿಡಿದುಕೊಂಡು ನಗುವ ಹುಡುಗಿಯರ ನಗು. ಯಾರೋ ಅವಳಿಗೆ ಏನೋ ಹೇಳಿ ನಗಿಸಿಬಿಟ್ಟಿದ್ದರು. ಒಬ್ಬ ಹೆಂಗಸು, "ಹಾಡು ಮುಗಿಸೇ ಹುಡುಗೀ, ಅರ್ಧಕ್ಕೆ ಬಿಟ್ಟು ಎಲ್ಲೋಡ್ತೀಯಾ?" ಎಂದು ಕೂಗಿದಳು.

"ಆಮೇಲೆ!" ಎಂದಳು ಮಿಮೂನಾ. ಬರಿಗಾಲಿನಲ್ಲಿ ಧಡಧಡ ಓಡಿಹೋದ ಸದ್ದು ಕೇಳಿಸಿತು.

ಅಷ್ಟು ತಿಂಗಳು ಅವಳ ಪಕ್ಕದಲ್ಲೇ ನಿಂತಿದ್ದೆ, ಅವಳ ನಗು ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತೇ ಇದ್ದೆ. ಮದುವೆ ಮನೆಯವರು ಬಂದು, "ಏನ್ ಯಜಮಾನ್ರೇ, ಅಳ್ತಾ ಇದೀರಾ?" ಎಂದು ಕೇಳಿದರು. ಹೌದು ಎಂದೆ.

ನಿನ್ನ ಅಪ್ಪ,
ಕದ್ದೂರ್